ಕಾಕಾ ಅಪ್ಪನ ಕೈ ಮುರಿದ ದಿನ

ನಾವು ಚಿಕ್ಕವರಿದ್ದಾಗ ಗೊಳಸಂಗಿಯ ನಮ್ಮ ಓಣಿಯಲ್ಲಿ ಒಂದು ಮನೆಯ ಮಾಳಿಗೆ ಹತ್ತಿದರೆ ಸಾಕು, ನೆಲಕ್ಕೆ ಕಾಲಿಡದೆ ಓಣಿಯ ತುದಿ ಮುಟ್ಟಬಹುದಿತ್ತು. ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೇಸಿಗೆಯಲ್ಲಿ ಹುಡುಗಿಯರಿಗೆಲ್ಲ ಅವೇ ಅಂಗಳ. ಸಂಡಿಗೆ ಒಣಗುವ ವಾಸನೆ, ಬೆಳಕಿಂಡಿಗಳಿಂದ ಮೇಲೇಳುವ ರೊಟ್ಟಿಯ ಹೊಗೆ, ಕಾಗೆ ಓಡಿಸುತ್ತ ಓಡಿಸುತ್ತ ನಮ್ಮ ಕುಂಟಾಟ.

ಬಾಂಗ್ಲಾ ಯುದ್ಧ ಮುಗಿದ ಮರು ಬೇಸಿಗೆಯಲ್ಲಿ ಶಿವಾನಂದ ಕಾಕಾ ರಜೆಯ ಮೇಲೆ ಬಂದ. ಅಪ್ಪನ ಒಬ್ಬನೇ ತಮ್ಮ, ಕಾಲ್ದಳದಲ್ಲಿ ಕ್ಯಾಪ್ಟನ್. ಗಡಿಯಾಚೆಯ ಒಂದು ಪಟ್ಟಣವನ್ನು ಮನೆಮನೆ ಹೊಕ್ಕು ಗೆದ್ದುದಕ್ಕೆ ಅವನಿಗೆ ಪದಕ ಸಿಕ್ಕಿತ್ತು. ಬಾಗೇವಾಡಿಯಲ್ಲಿ ಬಸ್ಸಿನಿಂದ ಇಳಿಯುತ್ತಲೇ ಜನ ಹಾರ ಹಾಕಿದರು. ಎಲ್ಲರಿಗಿಂತ ಹಿಗ್ಗಿದವನು ಅಪ್ಪ. ಆ ಪದಕವನ್ನು ತನ್ನ ಅಂಗಿಗೇ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅಣ್ಣತಮ್ಮ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು.

ಯುದ್ಧದ ಮಾತು ತೆಗೆದರೆ ಕಾಕಾ ಜಾರಿಕೊಳ್ಳುತ್ತಿದ್ದ. ಒಂದು ಸಂಜೆ ಮಾತ್ರ, ಅವನ ಅವ್ವ, ನಮ್ಮ ಆಯಿ, ಅವನ ತೊಡೆಯ ಗಾಯಕ್ಕೆ ಎಣ್ಣೆ ಸವರುವಾಗ, ತಾನಾಗಿಯೇ ಹೇಳಿದ. ಆ ಪಟ್ಟಣದ ಓಣಿಯಲ್ಲಿ ನುಗ್ಗಿದ ಅವನ ದಳದ ಹುಡುಗರು ಕಿಟಕಿಗಳಿಂದ ಬಂದ ಗುಂಡಿಗೆ ಸಾಲಾಗಿ ಬಿದ್ದರಂತೆ. ಉಳಿದವರನ್ನು ಅವನು ಮಾಳಿಗೆಗಳ ಮೇಲೆ ಕರೆದೊಯ್ದು, ಸೂರು ಒಡೆದು ಒಳಗೆ ಇಳಿಸಿದನಂತೆ. ಒಳಗಿನ ಕತ್ತಲಲ್ಲಿ ಬಂದೂಕಿನ ಚೂರಿಯಿಂದ, ಇಟ್ಟಿಗೆಯಿಂದ, ಬರಿಗೈಯಿಂದ ಕೊಂದೆವು ಎಂದ. ಒಂದು ಮನೆಗೆ ಬೆಂಕಿ ಬಿದ್ದಿತ್ತು. ಅದರೊಳಗೆ ಇದ್ದವರು ಸೈನಿಕರಲ್ಲ ಎಂದು ಕೂಗು ಕೇಳಿದ ಮೇಲೆ ತಿಳಿಯಿತಂತೆ. ಅಷ್ಟಕ್ಕೆ ನಿಲ್ಲಿಸಿದ. ಆಯಿಯ ಕೈಯೂ ನಿಂತಿತು.

ಹೊಲ ಹರಗುವ ದಿನಗಳು ಬಂದವು. ಪಕ್ಕದ ಹೊಲದ ನಿಂಗಪ್ಪನೊಂದಿಗೆ ನಮಗೆ ಬದುವಿನ ಹಳೆಯ ತಕರಾರು. ಒಂದು ಬೆಳಿಗ್ಗೆ ಮಾತಿಗೆ ಮಾತು ಬೆಳೆದು ಅವನು ನಮ್ಮ ಎತ್ತಿನ ಹಿಂಗಾಲಿಗೆ ಕೊಡಲಿ ಹಾಕಿದ. ಕರುವಿದ್ದಾಗಿನಿಂದ ಅಪ್ಪ ಸಾಕಿದ ಎತ್ತು. ಏಳಲು ಹೋಗಿ ಬಿದ್ದು, ಒದರಿ ಒದರಿ ಬಿಸಿಲಿನಲ್ಲೇ ಸತ್ತಿತು. ಅದರ ರಕ್ತ ಮೆತ್ತಿದ ಧೋತರದಲ್ಲೇ ಅಪ್ಪ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ನಮ್ಮ ಓಣಿಯಲ್ಲೇ ಇದ್ದ ನಿಂಗಪ್ಪನ ಮನೆಗೆ ಬಂದ. ನಿಂಗಪ್ಪ ಅಷ್ಟರಲ್ಲಿ ಹಳ್ಳದ ಕಡೆ ಓಡಿಹೋಗಿದ್ದ. ಒಳಗಿದ್ದದ್ದು ಅವನ ಹೆಂಡತಿ ಶಾಂತವ್ವ, ಎರಡು ಮಕ್ಕಳು. ಅವಳು ಅಗಳಿ ಹಾಕಿಕೊಂಡಳು. ನಿಂಗಪ್ಪ ಒಳಗೇ ಅಡಗಿದ್ದಾನೆಂದು ಅಪ್ಪನ ಮಂದಿ ಬಾಗಿಲು ಒದ್ದರು, ಕೊಡಲಿಯಿಂದ ಕಡಿದರು. ಬಾಗಿಲು ಜಗ್ಗದಿದ್ದಾಗ ಜೋಳದ ಒಣ ದಂಟಿನ ಕಣಕಿ ತಂದು ಒಟ್ಟಿ ಕಡ್ಡಿ ಗೀರಿದರು.

ಸಂಡಿಗೆ ಕಾಯುತ್ತ ಮಾಳಿಗೆಯ ಮೇಲಿದ್ದ ನಾನು ಎಲ್ಲ ನೋಡುತ್ತಿದ್ದೆ. ಕಾಕಾ ಕಬ್ಬಿಣದ ಹಾರಿ ಹಿಡಿದು ನಿಚ್ಚಣಿಕೆ ಹತ್ತಿ ಬಂದ.

“ಶಾಂತವ್ವನ ಬೆಳಕಿಂಡಿ ಯಾವ್ದು? ತೋರ್ಸು.”

ನಾನು ಮುಂದೆ ಓಡಿದೆ. ಅವನು ಬೆಳಕಿಂಡಿಯ ಸುತ್ತ ಮಣ್ಣು ಒಡೆದು ಹೊಗೆಯೊಳಗೆ ಧುಮುಕಿದ. ಮೊದಲು ಹುಡುಗಿ ಮೇಲೆ ಬಂದಳು. ಆಮೇಲೆ ಅವಳ ತಮ್ಮ. ಆ ಹುಡುಗ ಅಂಜಿಕೆಗೆ ನನ್ನ ಕೈ ಕಚ್ಚಿ ಹಿಡಿದವನು ಬಿಡಲೇ ಇಲ್ಲ. ಕಾಳಿನ ಚೀಲಗಳ ಮೇಲೆ ನಿಂತು ಕಾಕಾ ಶಾಂತವ್ವನನ್ನೂ ಎತ್ತಿ ಕೊಟ್ಟ. ಅವಳ ಸೀರೆಯ ಅಂಚು ಸುಟ್ಟಿತ್ತು. ಅವನು ಮಾತ್ರ ಮೇಲೆ ಬರಲಿಲ್ಲ.

ಒಳಗಿನಿಂದ ಬಾಗಿಲು ತೆರೆದು, ಉರಿಯುವ ಕಣಕಿಯನ್ನು ಒದೆಯುತ್ತ ಓಣಿಗೇ ಬಂದ.

“ಅಣ್ಣಾ, ನಿಂಗಪ್ಪ ಒಳಗಿಲ್ಲ. ಕೊಡಲಿ ಕೆಳಗ ಇಡು.”

“ಅತ್ತಾಗ ಸರಿ. ಇಲ್ಲಾಂದ್ರ ನಿನ್ನೂ ಕಡೀತೇನಿ.”

“ಒಳಗ ಸುಡೂ ಮಂದಿ ಹೆಂಗ ಒದರ್ತಾರ, ನಾ ಕೇಳೇನಿ. ನೀ ಕೇಳಬ್ಯಾಡ.”

ಅಪ್ಪ ಕೊಡಲಿ ಬೀಸಿದ. ಕಾಕಾನ ಹೆಗಲು ಹರಿದು ಅಂಗಿ ಕೆಂಪಾಯಿತು. ಅಪ್ಪ ಮತ್ತೆ ಕೊಡಲಿ ಎತ್ತುವಷ್ಟರಲ್ಲಿ ಕಾಕಾನ ಕೈಯ ಕಬ್ಬಿಣದ ಹಾರಿ ಅಪ್ಪನ ಬಲಗೈ ಮೇಲೆ ಬಿತ್ತು. ಎಲುಬು ಮುರಿದ ಸಪ್ಪಳ ನನಗೆ ಮಾಳಿಗೆಯ ಮೇಲೂ ಕೇಳಿತು. ಜೊತೆಗೆ ಬಂದಿದ್ದವರು ಹಿಂದೆ ಸರಿದರು. ಅಪ್ಪ ಗೋಡೆಗೆ ಒರಗಿ ಕುಸಿದ.

ಕಾಕಾ ತನ್ನ ಹೆಗಲಿನ ರಕ್ತ ಒರೆಸಿಕೊಳ್ಳಲಿಲ್ಲ. ಅಪ್ಪನ ರುಮಾಲು ಹರಿದು, ಬಿದಿರಿನ ಸೀಳು ಇಟ್ಟು ಆ ಕೈ ಕಟ್ಟಿದ. ಕಟ್ಟುವಾಗ ಅಪ್ಪ ಅವನ ಮುಖಕ್ಕೆ ಉಗುಳಿದ. ಗಂಟು ಬಿಗಿಯುವವರೆಗೂ ಕಾಕಾ ಏಳಲಿಲ್ಲ.

“ಇನ್ನ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ” ಎಂದ ಅಪ್ಪ.

ಅಂದು ಸಂಜೆಯ ಬಸ್ಸಿಗೇ ಕಾಕಾ ಹೋದ. ಆಯಿ ಅಳುತ್ತ ನಿಲ್ದಾಣದವರೆಗೆ ಹೋಗಿ ಒಬ್ಬಳೇ ತಿರುಗಿ ಬಂದಳು. ಊರ ಹಿರಿಯರು ರಾಜಿ ಮಾಡಿಸಿದರು. ನಿಂಗಪ್ಪ ಒಂದು ಎತ್ತು ಕೊಟ್ಟ, ಅಪ್ಪ ಅವನ ಬಾಗಿಲು ಮಾಡಿಸಿಕೊಟ್ಟ. ಮುಂದೆ ಅವರಿಬ್ಬರೂ ಒಂದೇ ಕಟ್ಟೆಯಲ್ಲಿ ಕೂತು ಎಲಿಅಡಿಕೆ ಹಾಕಿಕೊಳ್ಳುವಷ್ಟು ಹತ್ತಿರವಾದರು. ತಮ್ಮನ ಹೆಸರನ್ನು ಮಾತ್ರ ಅಪ್ಪ ಸಾಯುವವರೆಗೆ ಎತ್ತಲಿಲ್ಲ. ಕಾಕಾನೂ ಊರಿಗೆ ಬರಲಿಲ್ಲ. ಉತ್ತರ ಭಾರತದಲ್ಲೆಲ್ಲೋ ಮದುವೆಯಾಗಿ, ಮನೆ ಮಾಡಿ ಅಲ್ಲೇ ತೀರಿಕೊಂಡ.

ಹೋದ ವರ್ಷ ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕೂತಿದ್ದಳು. ತಡವರಿಸುವ ಕನ್ನಡ. ಮೂಗು, ಹುಬ್ಬು ಎಲ್ಲ ನಮ್ಮ ಆಯಿಯವೇ. ನಿಮ್ಮದು ಯಾವೂರ್ರಿ ಎಂದು ಕೇಳಿದಳು. ಗೊಳಸಂಗಿ ಎಂದೆ.

“ನಮ್ಮಪ್ಪನ ಊರೂ ಅದೇ ಅಂತ್ರಿ” ಎಂದಳು ಅವಳು. “ಅಲ್ಲಿ ನಮ್ಮವರು ಯಾರರ ಅದಾರೇನ್ರಿ?”