ಜಂಪಣ್ಣನ ಕಂಪ್ಯೂಟರು, ಮಾವನ ಚಪ್ಪಲಿ

ಜಂಪಣ್ಣನ ಕಾಲಲ್ಲಿರುವ ದಪ್ಪ ಅಟ್ಟೆಯ ಚಪ್ಪಲಿ ಅವನದಲ್ಲ ಎಂಬುದು ಚನ್ನಗಿರಿ ಪೇಟೆಗೆಲ್ಲ ಗೊತ್ತು. ಅದು ಅವನ ಸೋದರಮಾವ, ಹೊನ್ನಾಳಿಯ ಜವಳಿ ವ್ಯಾಪಾರಿ ಮುರುಗೇಶಪ್ಪನವರದು. ಕದ್ದದ್ದಲ್ಲ. ಹಾಗೆಂದು ಅವರು ಕೊಟ್ಟದ್ದೂ ಅಲ್ಲ.

ಎಂಬತ್ತಾರರಲ್ಲಿ ನಮ್ಮೂರ ಟೈಪಿಂಗ್ ಶಾಲೆಯ ಮಹಡಿಗೆ ಒಂದು ಕಂಪ್ಯೂಟರ್ ಬಂತು. ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ. ಧೂಳು ಅದಕ್ಕೆ ಆಗದೆಂದು ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಮಠಕ್ಕೆ ಹೋದಾಗಲೂ ನಾವು ಅಷ್ಟು ಭಕ್ತಿಯಿಂದ ಬಿಟ್ಟವರಲ್ಲ. ಬಿ.ಕಾಂ. ಓದುತ್ತಿದ್ದ ಜಂಪಣ್ಣ ಒಂದು ದಿನ ಇಣುಕಿದವನು ಸರ್ಟಿಫಿಕೇಟ್ ಕೋರ್ಸಿಗೆ ಸೇರಿಯೇಬಿಟ್ಟ. ಕರೆಂಟು ಇರುತ್ತಿದ್ದುದು ಕಾಲೇಜಿನ ಹೊತ್ತಿನಲ್ಲೇ ಆದ್ದರಿಂದ ಕಾಲೇಜು ಬಿಟ್ಟ.

ಮುರುಗೇಶಪ್ಪನವರು ಮಗಳು ಸರ್ವಮಂಗಳೆ ಅವನಿಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಹೇಳಿಟ್ಟಿದ್ದರು. ಸುದ್ದಿ ಕೇಳಿ ಕಿಡಿಕಿಡಿಯಾದರು. ವರನ ಹೆಸರಿನ ಪಕ್ಕ ಬಿ.ಕಾಂ. ಇಲ್ಲದ ಲಗ್ನಪತ್ರಿಕೆಯನ್ನು ಹೊನ್ನಾಳಿ ಪೇಟೆಯಲ್ಲಿ ಯಾವ ಮುಖದಿಂದ ಹಂಚುವುದು? ರಾಜಿಗೆ ನನ್ನನ್ನು ಕರೆದರು. ನಾನು ಜಂಪಣ್ಣನ ಪಕ್ಕದ ಮನೆಯವನು, ಬಿ.ಎ. ಬೇರೆ.

"ಇವರನ್ನ ನೋಡಿ ಕಲಿ. ಡಿಗ್ರಿ ಐತೆ, ಸರ್ಕಾರಿ ಕುರ್ಚಿ ಐತೆ," ಎಂದರು ಮಾವ.

"ಇವರನ್ನ ನೋಡೇ ಬಿಟ್ಟಿದ್ದು ಮಾವ. ಬಿ.ಎ. ಮಾಡಿ ಇಪ್ಪತ್ತು ವರ್ಷದಿಂದ ಟಪಾಲಿಗೆ ಅಂಟು ಹಚ್ತಾರೆ," ಎಂದ ಅಳಿಯ.

ಬೆರಳು ತೋರಿಸುವುದಕ್ಕೆ ನಾನೇ ಆಗಬೇಕು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಬಿ.ಕಾಂ. ಪರೀಕ್ಷೆಗೆ ಕೂತರೆ ಹುಡುಗಿ, ಇಲ್ಲದಿದ್ದರೆ ಇಲ್ಲ ಎಂದು ಮಾವ ಬಸ್ಸು ಹತ್ತಿದರು. ಜಂಪಣ್ಣ ಕೂರಲಿಲ್ಲ.

ಮುಂದಿನ ಮಾಘದಲ್ಲಿ ಮಾವ ನ್ಯಾಮತಿಯ ಬಿ.ಕಾಂ. ಒಬ್ಬನನ್ನು ಮಗಳಿಗೆ ಗೊತ್ತುಮಾಡಿದರು. ಆದರೆ ಅವರ ಮನೆತನದಲ್ಲೊಂದು ಪದ್ಧತಿ. ಸೋದರಳಿಯನಿರುವಾಗ ಹುಡುಗಿಯನ್ನು ಹೊರಗೆ ಕೊಡಬೇಕಾದರೆ ಅವನ ಕೈಗೆ ವೀಳ್ಯ ಕೊಟ್ಟು ಒಪ್ಪಿಗೆ ಪಡೆಯಬೇಕು. ಅವನು ಹಿಡಿಯದಿದ್ದರೆ ಹಂದರ ಏಳುವಂತಿಲ್ಲ. ಮುರುಗೇಶಪ್ಪನವರು ಸಾಕ್ಷಿಗೆ ನನ್ನನ್ನು ಎಳೆದುಕೊಂಡು ಆ ಮಹಡಿ ಹತ್ತಿದರು, ಹಲ್ಲು ಕಡಿಯುತ್ತ ಚಪ್ಪಲಿ ಬಿಟ್ಟರು.

ಜಂಪಣ್ಣ ತಲೆ ಎತ್ತಲಿಲ್ಲ. "ಇಲ್ಲಿ ಎಲೆ ಅಡಿಕೆ ತರಂಗಿಲ್ಲ ಮಾವ. ಹೊರಗೆ ನಿಲ್ರಿ, ಕರೆಂಟ್ ಹೋದ ಮೇಲೆ ಬರ್ತೀನಿ."

ನಮ್ಮೂರ ಕರೆಂಟು ಹೇಳದೆ ಕೇಳದೆ ಹೋಗುವಂಥದು. ಅವತ್ತು ಹಟ ಹಿಡಿದು ಕೂತಿತು. ಬಿಸಿಲ ವರಾಂಡದಲ್ಲಿ ಎಲೆ ಬಾಡಿತು, ಮಾವ ಕುದಿದರು. ಕೊನೆಗೆ ಹೊರಬಂದ ಜಂಪಣ್ಣ ಕೈ ಚಾಚಲಿಲ್ಲ.

"ಮಂಗಳಾ ಏನಂದ್ಲು?"

"ಅವಳನ್ನ ಯಾವನು ಕೇಳ್ತಾನೆ?"

"ನೀವು ಅಪ್ಪ ಆದೋರು ಕೇಳಬೇಕಿತ್ತು."

"ಕಾಲೇಜು ಬಿಡಾಕೆ ಮುಂಚೆ ನೀನು ಕೇಳಿದ್ಯೇನೋ?"

ಜಂಪಣ್ಣ ಕೈ ಚಾಚಿ ಬಾಡಿದ ವೀಳ್ಯ ಹಿಡಿದ. ಮಾವ ಕೆಳಗೆ ನೋಡದೆ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ದಡದಡ ಇಳಿದರು. ಹೋದದ್ದು ಜಂಪಣ್ಣನ ಸವೆದ ಹವಾಯಿ. ಉಳಿದದ್ದು ಇದು.

ಸರ್ವಮಂಗಳೆ ನ್ಯಾಮತಿ ಸೇರಿದಳು. ಜಂಪಣ್ಣನಿಗೆ ಸರ್ಟಿಫಿಕೇಟ್ ಬಂತು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಡಿಗ್ರಿ ಯಾವುದು ಎಂದರು, ಈಗ ಅದೇ ಮಹಡಿಯಲ್ಲಿ ಪಾಠ ಹೇಳುತ್ತಾನೆ. ಚಪ್ಪಲಿ ವಾಪಸು ಕೇಳಬೇಕಾದರೆ ಮಾವ ಮಾತಾಡಬೇಕು, ಕೊಡಬೇಕಾದರೆ ಅಳಿಯ. ನಾನೇ ತಲುಪಿಸುತ್ತೇನೆ ಎಂದರೆ, "ಅಂಟು ಹಚ್ಚಿ ಕಳಿಸ್ತೀರೇನ್ರೀ?" ಎಂದ.

ಅದು ಅವನಿಗೆ ಎರಡು ಬೆರಳು ದೊಡ್ಡದು. ದಿನಾ ಬೆಳಗ್ಗೆ ಎಳೆದುಕೊಂಡೇ ಮಹಡಿ ಹತ್ತುತ್ತಾನೆ.