ಬೆನ್ನ ಹಿಂದಿನ ಬೆಟ್ಟ

ಆಗಸ್ಟಿನ ದೋಹಾದಲ್ಲಿ ಬೆಳಿಗ್ಗೆ ಎಂಟಕ್ಕೇ ನಲ್ಲಿಯ ನೀರು ಕೈ ಸುಡುತ್ತಿತ್ತು. ಅಂಥ ದಿನ ನಾವು ಮೂವರು ಹೆಂಗಸರು ಚೀಲಕ್ಕೆ ಉಣ್ಣೆಯ ಟೊಪ್ಪಿ ತುಂಬಿಕೊಂಡು ಅರ್ಜೆಂಟೀನಾದ ಸರೋವರಗಳ ಸೀಮೆಗೆ ಹೊರಟೆವು. ಅಲ್ ಸದ್ದ್‌ನ ಒಂದೇ ಕಟ್ಟಡದವರು ನಾವು: ನಾನು, ಎದುರುಮನೆಯ ಜೊಹರಾಕ್ಕ, ಮೇಲಿನ ಮಹಡಿಯ ರೀನಾ. ರೀನಾ ಉಡುಪಿ ಕಡೆಯ ಕ್ರಿಶ್ಚಿಯನ್. ನಾವಿಬ್ಬರು ಪುತ್ತೂರು ಕಡೆಯ ಬ್ಯಾರಿಗಳು.

ಹಟ ಹಿಡಿದವರು ಜೊಹರಾಕ್ಕ. ನಜ್ಮಾ ಪೇಟೆಯ ಅಂಗಡಿಯೊಂದು ಎಂದೋ ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ಸರೋವರ, ಅದರಾಚೆ ಹಿಮದ ಬೆಟ್ಟ. ವರ್ಷ ಮುಗಿದರೂ ಆ ಹಾಳೆ ಅವರ ಅಡುಗೆಮನೆಯ ಗೋಡೆಯಿಂದ ಇಳಿಯಲಿಲ್ಲ. ಹತ್ತೊಂಬತ್ತು ವರ್ಷ ಅದನ್ನು ನೋಡುತ್ತಲೇ ರೊಟ್ಟಿ ತಟ್ಟಿದರು. ಈಗ ಅವರ ಯಜಮಾನರ ಕೆಲಸ ಖಲಾಸ್. ಮನೆ ಬಿಟ್ಟುಕೊಟ್ಟಾಗಿತ್ತು, ಸಾಮಾನು ಕಾರ್ಗೋಗೆ ಹೋಗಿತ್ತು, ಯಜಮಾನರು ಊರು ಸೇರಿದ್ದರು. "ಊರಿಗೆ ಹೋದ ಮೇಲೆ ನನ್ನನ್ನು ಯಾರು ಕರ್ಕೊಂಡು ಹೋಗ್ತಾರೆ? ಆ ಬೆಟ್ಟ ಒಮ್ಮೆ ಕಣ್ಣಲ್ಲಿ ನೋಡ್ಬೇಕು," ಎಂದರು. ಮಕ್ಕಳು ಟಿಕೆಟ್ ತೆಗೆದುಕೊಟ್ಟರು.

ಎರಡು ಕಡೆ ವಿಮಾನ ಬದಲಿಸಿ ಬರಿಲೋಚೆ ತಲುಪಿದಾಗ ಮಳೆಯೊಂದಿಗೆ ಹಿಮವೂ ಬೀಳುತ್ತಿತ್ತು. ದೋಹಾದ ಶಾಲೆಗಳ ರಜೆ ನೋಡಿ ತಿಂಗಳು ಆರಿಸಿದವರು ನಾವು. ಅಲ್ಲಿ ಅದು ಚಳಿಗಾಲ. ಏರುದಾರಿಗಳು ಮುಚ್ಚಿದ್ದವು, ದೋಣಿಗಳು ಹೊರಡಲಿಲ್ಲ. ಮಾಂಸ ಹಲಾಲ್ ಹೌದೋ ಅಲ್ಲವೋ ತಿಳಿಯದೆ ಮೊಟ್ಟೆ, ಬ್ರೆಡ್ಡು, ಸರೋವರದ ಮೀನಿನಲ್ಲೇ ದಿನ ಕಳೆದೆವು. ನಾನು ಒಯ್ದಿದ್ದ ಉಪ್ಪಿನಕಾಯಿ ಒಡೆಯದೆ ಉಳಿದದ್ದು ದೇವರ ದಯೆ.

"ಅಕ್ಕ, ನಿಮ್ಮ ಬ್ಯಾಗಲ್ಲಿ ಅರೆಯುವ ಕಲ್ಲು ಉಂಟಾ?" ಎಂದು ರೀನಾ ಜೊಹರಾಕ್ಕನ ಚೀಲ ಎತ್ತಿ ಛೇಡಿಸಿದಳು.

"ಉಂಟು, ನಿನ್ನ ಬಾಯಿ ಅರೆಯಲಿಕ್ಕೆ. ಯಲ್ಲಾ, ನಡಿ."

ಮೊದಲೆರಡು ದಿನ ಬೆಟ್ಟವಿರಬೇಕಾದ ಕಡೆ ಬರೀ ಬಿಳಿ. ಮೂರನೆಯ ದಿನ, ಅದೇ ಕೊನೆಯ ದಿನ, ಬಸ್ಸಿನಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋಗಿ ಮಸ್ಕಾರ್ದಿ ಸರೋವರದ ಬಳಿ ಇಳಿದೆವು. ಕ್ಯಾಲೆಂಡರಿನ ನೀರು ಇದೇ ಎಂದು ಜೊಹರಾಕ್ಕ ದಡದ ಬಾಗಿನಿಂದಲೇ ಗುರುತು ಹಿಡಿದರು. ಅದರಾಚೆ ಬೂದಿ ಬಣ್ಣದ ಮೋಡ. ಮಧ್ಯಾಹ್ನದ ತನಕ ಕಲ್ಲಿನ ಮೇಲೆ ಕುಳಿತು ಕಾದೆವು. ಲುಹರ್ ನಮಾಝಿನ ಹೊತ್ತಾಯಿತು.

ಪ್ರಯಾಣದಲ್ಲಿರುವವರಿಗೆ ನಾಲ್ಕು ಸುತ್ತಿನ, ಅಂದರೆ ನಾಲ್ಕು ರಕಅತ್‌ನ ನಮಾಝ್ ಎರಡಕ್ಕೆ ಇಳಿಯುತ್ತದೆ. ಅಲ್ಲಾಹು ಕೊಟ್ಟ ರಿಯಾಯಿತಿ. ಸರೋವರದ ನೀರಲ್ಲಿ ಕೈಕಾಲು ಮುಖ ತೊಳೆದು ವುಝೂ ಮಾಡುವಾಗ ಬೆರಳು ಮರಗಟ್ಟಿದವು. ಕಿಬ್ಲಾ, ಮಕ್ಕಾದ ದಿಕ್ಕು, ಪೂರ್ವಕ್ಕೆ, ನೀರಿಗೆ ಬೆನ್ನು ಹಾಕಿ. ನಮಾಝ್ ನಡೆಸುವ ಇಮಾಮ್ ಜೊಹರಾಕ್ಕನೇ, ಪಕ್ಕದಲ್ಲಿ ನಾನು. ನಮಾಝ್ ಮುಗಿಸುವ ಸಲಾಂ ಹೇಳಿ ತಿರುಗಿದರೆ ರೀನಾ ಬಾಯಿಗೆ ಕೈ ಹಿಡಿದು ನಿಂತಿದ್ದಳು.

"ಬೆಟ್ಟ ಕಾಣ್ತು... ನೀವು ಹಣೆ ನೆಲಕ್ಕಿಟ್ಟು ಸುಜೂದಿನಲ್ಲಿದ್ದಾಗ. ಪೂರ್ತಿ ಕಾಣ್ತು. ಈಗಷ್ಟೇ ಮುಚ್ಚಿತು."

"ಕರೀಬೇಕಿತ್ತಲ್ಲ ಮಾರಾಯ್ತಿ!" ಎಂದೆ ನಾನು.

"ನೀವು ದೇವರ ಹತ್ತಿರ ಇರುವಾಗ ಹೇಗೆ ಕರೀಲಿ? ಫೋನ್ ತೆಗೆದೆ, ಚಳಿಗೆ ಸತ್ತುಹೋಗಿತ್ತು," ಎಂದು ಅವಳು ಅತ್ತೇಬಿಟ್ಟಳು.

ಜೊಹರಾಕ್ಕ ಹಾಸಿದ್ದ ಮುಸಲ್ಲಾ ಮಡಚುತ್ತ ಕೇಳಿದರು: "ಕ್ಯಾಲೆಂಡರಿನ ಹಾಗೇ ಉಂಟಾ?"

"ಅಲ್ಲ ಅಕ್ಕ. ತುಂಬ ದೊಡ್ಡದು. ಹೆದರಿಕೆ ಆಗ್ತದೆ."

"ಅಲ್ಹಮ್ದುಲಿಲ್ಲಾಹ್. ಮೂವರಲ್ಲಿ ಒಬ್ಬಳಿಗಾದ್ರೂ ಕಾಣ್ತಲ್ಲ. ಅಳ್ಬೇಡ."

ಬಸ್ ಬರುವ ತನಕ ಮೂವರೂ ಅತ್ತಲೇ ನೋಡಿದೆವು. ಮೋಡ ಮತ್ತೆ ಸರಿಯಲಿಲ್ಲ. ಫ್ಲಾಸ್ಕಿನ ಚಹಾ ಇನ್ನೂ ಬಿಸಿಯಾಗಿತ್ತು. ಅಷ್ಟಕ್ಕೆ ಅಲ್ಲಾಹುವಿಗೆ ಶುಕ್ರ್ ಹೇಳಿದೆ.

ದೋಹಾಕ್ಕೆ ಮರಳಿದಾಗ ಎದುರುಮನೆಯ ಬಾಗಿಲ ಮುಂದೆ ಯಾರದೋ ಮಕ್ಕಳ ಚಪ್ಪಲಿಗಳಿದ್ದವು. ಜೊಹರಾಕ್ಕ ಅವನ್ನು ನೋಡಿಯೂ ನೋಡದಂತೆ ನಮ್ಮ ಮನೆಯೊಳಗೆ ಬಂದರು. ಮಂಗಳೂರಿನ ವಿಮಾನಕ್ಕೆ ಇನ್ನೆರಡು ದಿನ. ಸಂಜೆಯ ಅಸರ್ ನಮಾಝಿನ ಹೊತ್ತಿಗೆ ನಾನು ಎರಡು ಮುಸಲ್ಲಾ ಹಾಸಿದೆ. ಎಂದಿನಂತೆ ಅವರೇ ಇಮಾಮ್. ಕೈಕಟ್ಟುವ ಮೊದಲು ನನ್ನ ಕಡೆ ತಿರುಗಿದರು.

"ಮೈಮೂನಾ, ನಾನೀಗ ಇಲ್ಲಿ ಪ್ರಯಾಣದವಳು. ನಂದು ಎರಡೇ. ನೀನು ಪೂರ್ತಿ ಮಾಡ್ಕೋ, ಆಯ್ತಾ?"

ಎರಡು ರಕಅತ್‌ಗೆ ಅವರು ಸಲಾಂ ಹೇಳಿ ಮುಗಿಸಿದರು. ನನಗೆ ಇನ್ನೆರಡು ಬಾಕಿ ಇತ್ತು. ಅವರ ಪಕ್ಕದಿಂದ ನಾನೊಬ್ಬಳೇ ಎದ್ದು ನಿಂತೆ.