ಮಾಡೆಲ್ ನಂಬರ್ ಕೇಳದ ಹಿರಿಯರು

ಫ್ರಿಜ್ ದುರಸ್ತಿಯಲ್ಲಿ ನಲವತ್ತು ವರ್ಷ ದುಡಿದು, ಅದೇ ಕಸುಬಿನವರಿಗಾಗಿ ಅಂತರ್ಜಾಲದಲ್ಲೊಂದು ವೇದಿಕೆ ಕಟ್ಟಿ, ಹನ್ನೆರಡು ವರ್ಷ ಅದರ ನಿರ್ವಾಹಕರಾಗಿದ್ದು ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯರನ್ನು ಬಲ್ಲವರೆಲ್ಲ ‘ರಬ್ಬರ್ ಮಾಮ’ ಎಂದೇ ಕರೆಯುತ್ತಾರೆ. ಯಾವ ಫ್ರಿಜ್ ಕೆಟ್ಟರೂ ಮೊದಲು ಬಾಗಿಲ ರಬ್ಬರನ್ನು ಮುಟ್ಟಿ ನೋಡುವುದು ಅವರ ಪದ್ಧತಿ. ಹತ್ತರಲ್ಲಿ ನಾಲ್ಕು ಸಲ ದೋಷ ಅಲ್ಲೇ ಇರುತ್ತದೆ, ಉಳಿದ ಆರು ಸಲ ಯೋಚಿಸಲು ಸಮಯವಾದರೂ ಸಿಗುತ್ತದೆ.

ವೇದಿಕೆಯ ಹಳಬರಾದ ನಾವು ಒಂದು ಶಾಸ್ತ್ರ ಮಾಡಿಕೊಂಡಿದ್ದೆವು: ಮಾಡೆಲ್ ನಂಬರ್ ಬರೆಯದವರಿಗೆ ಉತ್ತರವಿಲ್ಲ. ನಾಲ್ಕನೆಯ ವರ್ಷ, ಅಂದಷ್ಟೇ ಸೇರಿದ ಮಹಿಳೆಯೊಬ್ಬರು ಬರೆದರು: “ಫ್ರಿಜ್ ತಣ್ಣಗಾಗ್ತಿಲ್ಲ. ಒಳಗೆ ಅಮ್ಮನ ಇನ್ಸುಲಿನ್ ಇದೆ. ಏನ್ ಮಾಡ್ಲಿ?” ಗಂಟೆಯೊಳಗೆ ಹನ್ನೊಂದು ಉತ್ತರಗಳು ಬಂದವು. ಎಲ್ಲವೂ ನಂಬರನ್ನೇ ಕೇಳಿದವು. ಹನ್ನೊಂದನೆಯದು ನನ್ನದು: “ನಂಬರ್ ಇಲ್ದೆ ಹೇಳೋಕೆ ನಾವೇನ್ ಕಣಿ ಹೇಳೋರಾ ತಾಯಿ? ಇಲ್ಲಿರೋ ಹಳೇ ಪ್ರಶ್ನೆ-ಉತ್ತರ ಎಲ್ಲ ಓದ್ಕೊಂಡ್ ಬನ್ನಿ.” ಅದಕ್ಕೆ ಇಪ್ಪತ್ತಾರು ಮೆಚ್ಚುಗೆ ಬಿದ್ದವು, ನಾನು ಉಬ್ಬಿದ್ದೆ.

ಸಂಜೆ ಅಂಗಡಿ ಮುಚ್ಚಿ ಬಂದು ಓದಿದ ಮಾಮ ಬರೆದದ್ದು ಇಷ್ಟೇ: “ಅಮ್ಮಾ, ಮೊದ್ಲು ಇನ್ಸುಲಿನ್ ತೆಗೆದು ಪಕ್ಕದ್ಮನೆ ಫ್ರಿಜ್ಜಲ್ಲಿಡಿ. ಮಿಕ್ಕಿದ್ದು ಆಮೇಲೆ.” ಅಷ್ಟರಲ್ಲಿ ಆಕೆ ಖಾತೆ ಮುಚ್ಚಿಯಾಗಿತ್ತು, ಪ್ರಶ್ನೆ ಮಾತ್ರ ಉಳಿದಿತ್ತು. ಮಾಮ ಮೂರು ಸಲ ಇಮೇಲ್ ಕಳಿಸಿದರು. ಆಕೆಯ ತಾಯಿಗೆ ಏನಾಯಿತೆಂದು ಇಂದಿಗೂ ನಮಗೆ ತಿಳಿಯದು.

ಮರುದಿನವೇ ನಿಯಮ ಬದಲಾಯಿತು. ಹೊಸಬರ ಮೊದಲ ಪ್ರಶ್ನೆಗೆ ಸರದಿಯ ಮೇಲೆ ಒಬ್ಬರು ಉತ್ತರಿಸಬೇಕು. ಅಲ್ಲಿಯವರೆಗೆ ಉಳಿದವರ ಕೈ ಕಟ್ಟು. ಹಾಗೆಂದು ಹೊಸಬರನ್ನು ತಲೆಯ ಮೇಲೂ ಕೂರಿಸಲಿಲ್ಲ: ಗ್ಯಾಸು, ಕರೆಂಟುಗಳ ಬಗ್ಗೆ ಅವರು ಕೊಡುವ ಸಲಹೆಯನ್ನು ಹಳಬರೊಬ್ಬರು ನೋಡಿ ಒಪ್ಪಿದ ಮೇಲೆಯೇ ಪ್ರಕಟಿಸಬೇಕು. “ಕೇಳೋರನ್ನ ಕಾಯಿಸ್ಬೇಡಿ, ಹೇಳೋರನ್ನ ಬೇಕಾದ್ರೆ ಕಾಯಿಸಿ” ಎಂದರು ಮಾಮ.

“ಇದೇನ್ ಮಾಮ, ಶಿಶುವಿಹಾರ ನಡೆಸ್ತಿದೀವಾ?” ಎಂದು ನಾನು ಗೊಣಗಿದೆ.

“ನೀವ್ಗಳು ಆಡೋದ್ ನೋಡಿದ್ರೆ ಹೌದು ಕಣಯ್ಯಾ.”

ಆ ಪ್ರಶ್ನೆಯೂ ಮಾಮನ ಉತ್ತರವೂ ಎಂಟು ವರ್ಷಗಳಿಂದ ವೇದಿಕೆಯ ಮೊದಲ ಪುಟದ ನೆತ್ತಿಯಲ್ಲೇ ಇವೆ. ನಡುವೆ ನನ್ನ ಸಾಲೂ ಇದೆ. ಅಳಿಸಲು ಎರಡು ಸಲ ಬೇಡಿಕೊಂಡೆ, ಅವರು ಬಿಡಲಿಲ್ಲ. ಕಳೆದ ತಿಂಗಳು ವೇದಿಕೆಯ ಪಾಸ್‌ವರ್ಡ್ ಬರೆದ ಚೀಟಿಯನ್ನು ನನ್ನ ಕೈಗೇ ಕೊಡುತ್ತ ಹೇಳಿದರು: “ಆಯಮ್ಮ ಯಾವತ್ತಾದ್ರೂ ಬರ್ಬಹುದು. ಆಗ ನಂಬರ್ ಕೇಳ್ಬೇಡ. ಅವ್ರಮ್ಮ ಹೇಗಿದಾರೆ ಅಂತ ಕೇಳು.”

ಅದಕ್ಕೆ ಉತ್ತರ ಬರುವ ದಿನ, ಓದಲು ಮಾಮ ನಮ್ಮೊಂದಿಗಿರುವಷ್ಟು ದೀರ್ಘವಾದ ಆಯುಷ್ಯ ಅವರದಾಗಲಿ. ಬಾಗಿಲ ರಬ್ಬರು ಮುಟ್ಟುವ ಕೈಗೆ ಬಿಡುವು ಸಿಗದಿರಲಿ. ಅಲ್ಲಿಯವರೆಗೆ ಹೊಸಬರಿಗೆ ಉತ್ತರಿಸುವ ಸರದಿ ನನ್ನದು.